ಫರಾಮಿರ್‌ನಿಗಾದ ಅನ್ಯಾಯ

ಪ್ರಶ್ನೆ: ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ನನ್ನ ಅಚ್ಚುಮೆಚ್ಚಿನ ಕಾದಂಬರಿ. ಪೀಟರ್ ಜಾಕ್ಸನ್ ಅವರ ಚಿತ್ರಗಳಲ್ಲಿ ಎಷ್ಟೋ ಪ್ರಸಂಗಗಳನ್ನು ಕೈಬಿಡಲಾಗಿದೆ. ಇದು ಮೂಲಕೃತಿಗೆ ಮಾಡಿದ ಅಪಚಾರವಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ಈ ಬೃಹತ್ ಕೃತಿಯನ್ನು 2001ರಿಂದ 2003ರವರೆಗೆ ತೆರೆಕಂಡ ಮೂರು ಚಿತ್ರಗಳಿಗೆ ಇಳಿಸುವಾಗ ಕತ್ತರಿ ಪ್ರಯೋಗ ಅನಿವಾರ್ಯವಾಗಿತ್ತು. ಕಾಡಿನಲ್ಲಿ ವಾಸಿಸುವ ನಿಗೂಢ ವ್ಯಕ್ತಿ ಟಾಮ್ ಬೊಂಬಾಡಿಲ್‌ನನ್ನು ಬಿಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಎಂಥವರನ್ನೂ ಕೆಡುಕಿನತ್ತ ಸೆಳೆಯುವ ಮಾಯಾ ಉಂಗುರದ ಪ್ರಭಾವಕ್ಕೆ ಒಳಗಾಗದ ಆತನನ್ನು ಆರಂಭದಲ್ಲೇ ತೋರಿಸಿದ್ದರೆ, ಆ ಉಂಗುರದ ಬಗ್ಗೆ ಚಿತ್ರವು ಕಟ್ಟುತ್ತಾ ಹೋಗುವ ಭಯ ಸಡಿಲವಾಗುತ್ತಿತ್ತು. ಆದರೆ ಯುದ್ಧ ಗೆದ್ದು ಮರಳಿದ ಕುಳ್ಳ ಜನಾಂಗದ ಹಾಬಿಟ್‌ಗಳು, ಮರಗಳು ಉರುಳಿ ದುರುಳರ ಕೈವಶವಾದ ತಮ್ಮ ಶೈರ್ ನಾಡನ್ನು ಹೋರಾಡಿ ಬಿಡಿಸಿಕೊಳ್ಳುವ ಅಧ್ಯಾಯವನ್ನು ಕೈಬಿಟ್ಟದ್ದು ನನಗೂ ನೋವು ತಂದಿದೆ. ಯುದ್ಧ ಯಾರ ಮನೆಯಂಗಳವನ್ನೂ ಬಿಡುವುದಿಲ್ಲವೆಂಬ ಅರಿವು ಚಿತ್ರದಲ್ಲಿ ಮಸುಕಾಗಿದೆ.

ನನ್ನ ದೊಡ್ಡ ತಕರಾರು ಗೊಂಡೋರ್ ರಾಜ್ಯದ ಆಡಳಿತಗಾರನ ಕಿರಿಯ ಮಗ ಫರಾಮಿರ್‌ನ ಕುರಿತಾದದ್ದು. ಉಂಗುರ ದಾರಿಯಲ್ಲಿ ಬಿದ್ದಿದ್ದರೂ ತಾನು ಎತ್ತಿಕೊಳ್ಳೆನೆನ್ನುವ ಕಾದಂಬರಿಯ ಈ ಸಂಯಮಿ, ಚಿತ್ರದಲ್ಲಿ ಉಂಗುರವನ್ನು ಹೊತ್ತ ಹಾಬಿಟ್ ಫ್ರೋಡೋನನ್ನು ಸೆರೆಯಾಳಾಗಿ ಪಾಳುಬಿದ್ದ ನಗರ ಆಸ್ಗಿಲಿಯತ್‌ವರೆಗೂ ಒಯ್ಯುತ್ತಾನೆ. ಪ್ರಲೋಭನೆಗೆ ಮಣಿಯದ ಮನುಷ್ಯನೂ ಇರಬಲ್ಲನೆಂಬ ಭರವಸೆಯೇ ಅಲ್ಲಿ ಕುಂದಿತು. ಎರಡನೆಯ ಚಿತ್ರದ ವಿಸ್ತೃತ ಆವೃತ್ತಿಯಲ್ಲಿ ತಂದೆ ಡೆನೆಥೋರ್ ಹಿರಿಯ ಮಗನನ್ನು ಕೊಂಡಾಡಿ ಫರಾಮಿರ್‌ನನ್ನು ಹೀಗಳೆಯುವ ದೃಶ್ಯವಿದೆ. ಬದಲಾವಣೆಯ ಕಾರಣವಾದರೂ ಅದರಿಂದ ತಿಳಿಯುವುದರಿಂದ, ತಾವು ಆ ಆವೃತ್ತಿಯನ್ನೇ ನೋಡಬೇಕೆಂದು ಕೋರುತ್ತೇನೆ.