ರೆಪ್ಪೆ ಗುಳ್ಳೆಗೆ ಯಾವ ಡ್ರಾಪ್ಸ್ ಹಾಕಲಿ ಅಂತ ಕೇಳಿದವರಿಗೆ

ಎರಡು ತಿಂಗಳಿಗೊಮ್ಮೆ ರೆಪ್ಪೆ ಮೇಲೆ ಗುಳ್ಳೆ ಏಳುತ್ತೆ, ಮೈಯಲ್ಲಿ ಉಷ್ಣ ಜಾಸ್ತಿ ಅಂತಾರೆ, ಯಾವ ಡ್ರಾಪ್ಸ್ ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಈ ‘ಯಾವ ಡ್ರಾಪ್ಸ್’ ಹುಚ್ಚು ನನಗೂ ಇತ್ತು.

ನನ್ನ ಮನೆ ಮಂಡ್ಯ, ಕೆಲಸ ಮೈಸೂರು, ದಿನಾ ರೈಲು. ಮೊದಲ ಗುಳ್ಳೆ ಎದ್ದಿದ್ದು ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ, ಕೂದಲಿನ ಬುಡಕ್ಕೇ. ಕೆಂಪಗೆ ಊದಿತ್ತು, ಮುಟ್ಟಿದರೆ ಜೀವ ಹೋಗುವ ನೋವು. ಅಮ್ಮ ಅಂಗೈಗೆ ಬೆರಳು ಉಜ್ಜಿ ಬಿಸಿ ಬಿಸಿಯಾಗಿ ಒತ್ತಿದರು. ಅತ್ತೆ ಚಿನ್ನದ ಉಂಗುರ ಉಜ್ಜು ಅಂದರು. ರೈಲಿನಲ್ಲಿ ಎದುರು ಕೂರುವ ಅಕ್ಕ ಎಳನೀರು ಕುಡಿ ಅಂದರು. ಎಲ್ಲಾ ಮಾಡಿದೆ. ವಾರಕ್ಕೆ ತಾನೇ ಒಡೆದು ಹೋಯಿತು. ಹೆಸರು ಬಂದಿದ್ದು ಎಳನೀರಿಗೆ.

ಎರಡನೇ ಸಲ ಡಾಕ್ಟರ್ ಹತ್ತಿರ ಹೋದೆ. ಒಂದು ಡ್ರಾಪ್ಸ್ ಬರೆದರು. ಎರಡೇ ದಿನಕ್ಕೆ ಕೆಂಪು ಇಳಿಯಿತು. ಆ ಚೀಟಿಯನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡೆ ನೋಡಿ, ಅದೇ ನಾನು ಮಾಡಿದ ತಪ್ಪು. ಮೂರನೇ ಗುಳ್ಳೆಗೆ ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಗೊಂಡೆ. ನಾಲ್ಕನೆಯದಕ್ಕೆ ಚೀಟಿಯೂ ಬೇಕಾಗಲಿಲ್ಲ, ಬಾಟಲಿಯ ಫೋಟೋ ಸಾಕಾಯಿತು. ಆಮೇಲೆ ಗುಳ್ಳೆ ಇಲ್ಲದಿದ್ದರೂ ಸರಿ, ಕಣ್ಣು ಸ್ವಲ್ಪ ಕಡಿದರೆ ಎರಡು ಹನಿ. ಹಾಕಿದರೆ ಹಿತ ಅನಿಸುತ್ತಿತ್ತು. ಹೀಗೆ ಎಂಟು ತಿಂಗಳು. ಚೀಟಿಯ ಕೆಳಗೆ ‘ಐದು ದಿನ ಮಾತ್ರ’ ಅಂತ ಬರೆದಿತ್ತು. ನಾನು ಓದಿದ್ದು ಬಾಟಲಿಯ ಹೆಸರನ್ನಷ್ಟೇ. ಆ ಹಿತ ಕೊಡುತ್ತಿದ್ದುದು ಅದರೊಳಗಿನ ಡೆಕ್ಸಾಮೆಥಾಸೋನ್, ಊತ ಕೆಂಪು ಇಳಿಸುವ ಒಂದು ಸ್ಟೀರಾಯ್ಡ್.

ಆಮೇಲೆ ಒಂದು ಗಂಟಾಯಿತು. ನೋವಿಲ್ಲ, ತೊಗರಿಕಾಳಿನಷ್ಟು ಗಟ್ಟಿ. ಅದನ್ನು ತೆಗೆಸೋಣ ಅಂತ ಮೈಸೂರಿನಲ್ಲಿ ಕಣ್ಣಿನ ಡಾಕ್ಟರ್ ಹತ್ತಿರ ಹೋದರೆ, ಅವರು ಗಂಟಿನ ಕಡೆ ಆಮೇಲೆ ನೋಡಿದರು. ಮೊದಲು ಕೇಳಿದ್ದು ಏನೇನು ಹಾಕಿದ್ದೀರಿ ಅಂತ. ಹೇಳಿದ ಕೂಡಲೇ ಕಣ್ಣಿನ ಒತ್ತಡ ಅಳೆಸಿದರು. 31 ಇತ್ತು. ಸಾಮಾನ್ಯವಾಗಿ ಇರಬೇಕಾದ್ದು 10ರಿಂದ 21. ಸ್ಟೀರಾಯ್ಡ್ ಹನಿ ಕೆಲವರ ಕಣ್ಣಿನಲ್ಲಿ ಹೀಗೆ ಒತ್ತಡ ಏರಿಸುತ್ತದೆ. ನೋವಿಲ್ಲ, ಮಬ್ಬಿಲ್ಲ, ಗೊತ್ತೇ ಆಗುವುದಿಲ್ಲ. ಒಳಗೆ ಕಣ್ಣಿನ ನರ ಸಾಯುತ್ತಿರಬಹುದು, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಹೀಗೆ ನರ ಹಾಳಾಗುವ ಕಾಯಿಲೆಯೇ ಗ್ಲಾಕೋಮಾ. ಗಂಟು ತೋರಿಸಲು ಹೋದವಳು ಆ ಮಾತು ಕೇಳಿಸಿಕೊಂಡು ಬಂದೆ. ವಾಪಸ್ ರೈಲಿನಲ್ಲಿ ಶ್ರೀರಂಗಪಟ್ಟಣ ಬಂದಿದ್ದೂ ಗೊತ್ತಾಗಲಿಲ್ಲ. ಪುಣ್ಯಕ್ಕೆ ನರಕ್ಕೆ ಏನೂ ಆಗಿರಲಿಲ್ಲ. ಆ ಡ್ರಾಪ್ಸ್ ನಿಲ್ಲಿಸಿ, ಬೇರೆ ಔಷಧಿ ಹಾಕಿ ಒತ್ತಡ ಇಳಿಯಿತು. ಈಗಲೂ ಆರು ತಿಂಗಳಿಗೊಮ್ಮೆ ಅಳೆಸುತ್ತೇನೆ.

ಇನ್ನು ಗುಳ್ಳೆ ವಿಷಯ. ನಮ್ಮ ರೆಪ್ಪೆಯ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಿವೆ, ಮೇಲಿನ ರೆಪ್ಪೆ ಒಂದರಲ್ಲೇ ಮೂವತ್ತರ ಆಸುಪಾಸು. ಆ ಎಣ್ಣೆ ಗಟ್ಟಿಯಾಗಿ ಬಾಯಿ ಕಟ್ಟಿಕೊಂಡರೆ ಗಂಟು, ಕಲೇಜಿಯನ್. ಬ್ಯಾಕ್ಟೀರಿಯಾ ಸೇರಿ ಕೀವಾದರೆ ನೋಯುವ ಗುಳ್ಳೆ, ಸ್ಟೈ. ಡಿಸೆಂಬರ್ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತಲ್ವಾ? ಆಗ ಬಿಸಿನೀರಿನಲ್ಲಿ ಇಡುತ್ತೇವೆ. ಇಲ್ಲೂ ಅಷ್ಟೇ. ಉಷ್ಣ ಅಂತ ತಣ್ಣೀರು ಬಟ್ಟೆ ಇಡಬೇಡಿ, ಇದಕ್ಕೆ ಬೇಕಿರುವುದೇ ಉಷ್ಣ.

ನಾನು ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡು ಟಿವಿ ಮುಂದೆ ಕೂರುತ್ತಿದ್ದೆ. ಬಟ್ಟೆ ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ. ಮತ್ತೆ ಅದ್ದಿ, ಹಿಂಡಿ, ಮಣಿಕಟ್ಟಿಗೆ ಮುಟ್ಟಿಸಿ ನೋಡಿ, ಇಡಬೇಕು. ಒಂದೊಂದು ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ರೆಪ್ಪೆಯನ್ನು ಕೂದಲಿನ ಕಡೆಗೆ ಮೆತ್ತಗೆ ನೀವಬೇಕು. ಹಿಸುಕಬಾರದು. ಬೇಬಿ ಶಾಂಪೂಗೆ ನೀರು ಬೆರೆಸಿ ಕೂದಲಿನ ಬುಡ ಒರೆಸಬೇಕು. ಹಳೇ ಕಾಡಿಗೆ ಡಬ್ಬಿ ಎಸೆಯಿರಿ. ಬೋರು ಹೊಡೆಸುವ ಕೆಲಸ, ನಿಜ. ಆರು ವಾರಕ್ಕೆ ನನ್ನ ಗಂಟು ಅರ್ಧ ಕರಗಿತು. ಉಳಿದದ್ದನ್ನು ಡಾಕ್ಟರ್ ರೆಪ್ಪೆ ಮಗುಚಿ ಒಳಗಡೆಯಿಂದ ಕೊಯ್ದು ತೆಗೆದರು. ಇಂಜೆಕ್ಷನ್ ಚುಚ್ಚಿದಾಗ ನೋವಾಯಿತು, ಅಷ್ಟೇ. ಹೊರಗೆ ಕಲೆಯೂ ಇಲ್ಲ. ಈಗ ಗುಳ್ಳೆ ಇಲ್ಲದಿದ್ದರೂ ದಿನಾ ರಾತ್ರಿ ಒಂದು ಸಲ ಬಿಸಿ ಬಟ್ಟೆ ಇಡುತ್ತೇನೆ. ವರ್ಷಕ್ಕೆ ಒಂದು ಬಂದರೆ ಹೆಚ್ಚು.

ಪದೇ ಪದೇ ಬರುತ್ತೆ ಅಂದಿರಲ್ಲ, ಒಂದು ಸಲ ಶುಗರ್ ಟೆಸ್ಟ್ ಮಾಡಿಸಿ. ಇನ್ನೊಂದು, ನಿಮ್ಮ ವಯಸ್ಸು ಎಷ್ಟು, ಗುಳ್ಳೆ ಪ್ರತಿ ಸಲ ಅದೇ ಜಾಗದಲ್ಲೇ ಏಳುತ್ತದಾ ಅಂತ ನೀವು ಬರೆದಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಂದು, ಅಲ್ಲಿನ ಕೂದಲು ಉದುರುತ್ತಿದ್ದರೆ, ವಯಸ್ಸೂ ಆಗಿದ್ದರೆ, ಬಿಸಿ ಬಟ್ಟೆ ಇಟ್ಟು ಕಾಯಬೇಡಿ. ಅಪರೂಪಕ್ಕೆ ಅದು ಎಣ್ಣೆ ಗ್ರಂಥಿಯ ಕ್ಯಾನ್ಸರ್ ಇರಬಹುದು. ಚೂರು ತೆಗೆದು ಪರೀಕ್ಷೆಗೆ ಕಳಿಸಿ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಕೇಳಿ.