ನಿಮ್ಮವರೇ ಮಾತಾಡಲ್ವಂತೆ?

ಪ್ರಶ್ನೆ: ಚರ್ಚ್ ಕಮಿಟಿ ಎಲೆಕ್ಷನ್ ಆದಮೇಲೆ ನಮ್ಮ ಸಭೆಯ ಎರಡು ಮನೆಯವರು ಮಾತು ಬಿಟ್ಟಿದ್ದಾರೆ. ಕ್ರಿಸ್‌ಮಸ್‌ಗೆ ಕರೆದರೆ ಪಕ್ಕದ ಮನೆ ಅಕ್ಕ ಅದನ್ನೇ ಹೇಳಿ ನಕ್ಕರು. ಏನು ಹೇಳಲಿ?
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ನಕ್ಕರೆ ತಪ್ಪೇನಮ್ಮ? ನಿಮ್ಮೊಳಗೆ ಪ್ರೀತಿಯಿದ್ದರೆ ನೀವು ನನ್ನ ಶಿಷ್ಯರೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂದು ಯೇಸುವೇ ಹೇಳಿದ್ದಾರೆ (ಯೋಹಾನ 13:35). ಅಳೆಯುವವರು ಹೊರಗಿನವರೇ, ಅಲ್ವಾ? ಸುಮಾರು ಕ್ರಿ.ಶ. 197ರಲ್ಲಿ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಬರೆದಿದ್ದಾನೆ: ಸಭೆಯ ಕಾಣಿಕೆಯಿಂದ ಬಡವರ ಶವಸಂಸ್ಕಾರ ನಡೆಯುತ್ತಿತ್ತು, ನಂಬಿಕೆಗಾಗಿ ಗಣಿಗೆ ತಳ್ಳಲ್ಪಟ್ಟವರಿಗೂ ನೆರವು ಹೋಗುತ್ತಿತ್ತು. ಗಣಿಯ ಕಷ್ಟ ನಿಮ್ಮೂರಿಗೆ ಬಿಡಿಸಿ ಹೇಳಬೇಕಾ? ಅದನ್ನು ಕಂಡೇ ಹೊರಗಿನವರು ಕ್ರೈಸ್ತರ ಪ್ರೀತಿಯ ಬಗ್ಗೆ ಮಾತಾಡಿದ್ದು.

ಅಕ್ಕನಿಗೆ ಸುಮ್ನೆ ‘ಹೌದು, ಜಗಳ ಇದೆ’ ಅನ್ನಿ. ಮುಚ್ಚಿಡಬೇಡಿ. ಆಮೇಲೆ ಹಬ್ಬದ ತಿಂಡಿ ಕರಿಯಲು ಆ ಎರಡೂ ಮನೆಯವರನ್ನು ಒಟ್ಟಿಗೇ ಕರೆಯಿರಿ. ಕಮಿಟಿ ಮಾತು ಮಾತ್ರ ಎತ್ತಬೇಡಿ.