ಈಮ್ಯಾಕ್ಸ್‌ನಲ್ಲಿ ದೊಡ್ಡ ಪ್ರಾಜೆಕ್ಟ್ ಓದೋವಾಗ ದಾರಿ ತಪ್ಪದೆ ಓಡಾಡೋದು ಹೇಗೆ

ನೀವು ಬರೆದಿದ್ದು ಪೂರ್ತಿ ಓದಿದೆ. ಈಮ್ಯಾಕ್ಸ್ ಅನ್ನೋ ಕೋಡ್ ಎಡಿಟರ್ ಬಳಸ್ತಿದೀರಿ, ಹೊಸದಾಗಿ ಒಂದು ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಕೈಗೆ ಬಂದಿದೆ, ಪಕ್ಕದಲ್ಲೇ ಒಂದಷ್ಟು ಪೈಥಾನ್ ಕೋಡ್ ಇದೆ, ಫೈಲುಗಳು ಸಾವಿರಗಟ್ಟಲೆ, ಕಂಟ್ರೋಲ್-ಎಕ್ಸ್ ಕಂಟ್ರೋಲ್-ಎಫ್ ಒತ್ತಿ ಫೈಲ್ ತೆರೆಯೋಕೆ ಉದ್ದುದ್ದ ಪಾಥ್ (ಫೋಲ್ಡರ್ ದಾರಿ) ಟೈಪ್ ಮಾಡಿ ಸಾಕಾಗಿದೆ, ಸ್ವಲ್ಪ ಹೊತ್ತಲ್ಲೇ ರಾಶಿ ಬಫರ್ (ಈಮ್ಯಾಕ್ಸಲ್ಲಿ ತೆರೆದಿರೋ ಫೈಲುಗಳು) ತೆರೆದುಕೊಂಡು ಯಾವ ಫೈಲಿಗೆ ಯಾಕೆ ಬಂದೆ ಅನ್ನೋದೇ ಮರೆತುಹೋಗತ್ತೆ, ಈಮ್ಯಾಕ್ಸ್ ಬಿಟ್ಟು ಐಡಿಇಗೆ ಹೋಗ್ಲಾ ಅಂತ ಕೇಳಿದೀರಿ. ಬಿಡೋ ಅಗತ್ಯ ಇಲ್ಲ. ನಿಮಗೆ ಬೇಕಾಗಿರೋದು ಬಹುಪಾಲು ಈಮ್ಯಾಕ್ಸ್ ಜೊತೆಗೇ ಬರತ್ತೆ, ಆದ್ರೆ ಡೀಫಾಲ್ಟಾಗಿ ಕಣ್ಣಿಗೆ ಬೀಳೋ ಹಾಗೆ ಇಟ್ಟಿಲ್ಲ, ಅದೇ ತೊಂದ್ರೆ.

ಇಲ್ಲಿ ಮೇಲೆ ಉತ್ತರ ಕೊಟ್ಟಿರೋರೆಲ್ಲ ಹುಡುಕೋ ಪ್ಯಾಕೇಜುಗಳ ಬಗ್ಗೆನೇ ಹೇಳಿದಾರೆ. ಅದೂ ಬೇಕು. ಆದ್ರೆ ನಿಮ್ಮ ಮೆಸೇಜಲ್ಲಿ ನಿಜವಾದ ಕಷ್ಟ ಇರೋದು "ಯಾಕೆ ಬಂದೆ ಅನ್ನೋದೇ ಮರೆತುಹೋಗತ್ತೆ" ಅನ್ನೋ ಸಾಲಲ್ಲಿ. ದೊಡ್ಡ ಕೋಡ್ ಓದೋರಿಗೆ ಮುಂದಕ್ಕೆ ಹಾರೋದು ಬೇಗ ಕೈಗೆ ಕೂರತ್ತೆ, ಹಾರಿದ ಮೇಲೆ ಹೊರಟ ಜಾಗಕ್ಕೆ ವಾಪಸ್ ಬರೋದನ್ನ ಯಾರೂ ಕೂತು ಅಭ್ಯಾಸ ಮಾಡಲ್ಲ. ಅದಕ್ಕೇ ಹುಡುಕೋದನ್ನ ಚಿಕ್ಕದಾಗಿ ಹೇಳಿ, ವಾಪಸ್ ಬರೋದನ್ನ ಬಿಡಿಸಿ ಬರೀತೀನಿ.

ಮೊದಲು ಪಾಥ್ ಟೈಪ್ ಮಾಡೋದನ್ನ ನಿಲ್ಲಿಸಿ. ಈಮ್ಯಾಕ್ಸ್ 28ರಿಂದ ಕಂಟ್ರೋಲ್-ಎಕ್ಸ್ ಪಿ ಅನ್ನೋದು ಪ್ರಾಜೆಕ್ಟಿನ ಕೀ, ಅದರ ಮುಂದೆ ಎಫ್ ಒತ್ತಿದ್ರೆ ಪ್ರಾಜೆಕ್ಟಿನ ಯಾವ ಫೋಲ್ಡರಲ್ಲಿರೋ ಫೈಲ್ ಆದ್ರೂ ಹೆಸರಿನ ತುಂಡು ಕೊಟ್ಟು ತೆರೀಬಹುದು, ಬಿ ಒತ್ತಿದ್ರೆ ಈ ಪ್ರಾಜೆಕ್ಟಿನ ಬಫರುಗಳು ಮಾತ್ರ ಬರ್ತವೆ, ಜಿ ಒತ್ತಿದ್ರೆ ಪ್ರಾಜೆಕ್ಟ್ ತುಂಬ ರೆಗೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಮಾಡೋ) ಹುಡುಕಾಟ, ಕೆ ಒತ್ತಿದ್ರೆ ಈ ಪ್ರಾಜೆಕ್ಟಿನ ಬಫರುಗಳನ್ನೆಲ್ಲ ಒಟ್ಟಿಗೆ ಮುಚ್ಚತ್ತೆ, ಪಿ ಒತ್ತಿದ್ರೆ ಇನ್ನೊಂದು ಪ್ರಾಜೆಕ್ಟಿಗೆ ಹೋಗಬಹುದು. ಗಿಟ್ ರೆಪೊ (ಬದಲಾವಣೆಗಳ ಇತಿಹಾಸ ಇಡೋ ಗಿಟ್ ಟೂಲಿನ ಕೋಡ್ ಫೋಲ್ಡರ್) ಆದ್ರೆ ಏನೂ ಸೆಟ್ ಮಾಡೋದು ಬೇಡ, ಗಿಟ್‌ಇಗ್ನೋರ್‌ನಲ್ಲಿರೋ ಕಸ ಪಟ್ಟಿಗೆ ಬರಲ್ಲ. ನಿಮ್ಮದು ಒಂದೇ ರೆಪೊ ಒಳಗೆ ಹತ್ತಾರು ಪ್ರಾಜೆಕ್ಟ್ ಇರೋ ಮೊನೊರೆಪೊ ಆಗಿದ್ರೆ, ಈಮ್ಯಾಕ್ಸ್ 29ರಲ್ಲಿ ಪ್ರಾಜೆಕ್ಟ್-ವಿಸಿ-ಎಕ್ಸ್‌ಟ್ರಾ-ರೂಟ್-ಮಾರ್ಕರ್ಸ್ ಅಂತ ಒಂದು ವೇರಿಯಬಲ್ ಬಂದಿದೆ, ಅದಕ್ಕೆ ಒಂದು ಫೈಲಿನ ಹೆಸರು ಕೊಟ್ಟು, ಆ ಹೆಸರಿನ ಖಾಲಿ ಫೈಲನ್ನ ನಿಮಗೆ ಬೇಕಾದ ಫೋಲ್ಡರಲ್ಲಿ ಇಟ್ರೆ ಅಷ್ಟೇ ಭಾಗ ಪ್ರಾಜೆಕ್ಟ್ ಅಂತ ಲೆಕ್ಕಕ್ಕೆ ಬರತ್ತೆ. ಇದೊಂದು ಮಾಡಿದ್ರೆ ಅರ್ಧ ಗದ್ದಲ ಕಮ್ಮಿ ಆಗತ್ತೆ.

ಹೆಸರಿನ ತುಂಡುಗಳನ್ನ ಯಾವ ಕ್ರಮದಲ್ಲಿ ಬೇಕಾದ್ರೂ ಕೊಡೋ ಹಾಗಿರಬೇಕು ಅಂದ್ರೆ ವರ್ಟಿಕೊ, ಆರ್ಡರ್‌ಲೆಸ್ ಎರಡು ಪ್ಯಾಕೇಜ್ ಹಾಕ್ಕೊಳಿ, ನಾನು ಹೊರಗಿಂದ ಹಾಕ್ಕೊಳೋದ್ರಲ್ಲಿ ಇವು ಮೊದಲನೇವು. ಹೊರಗಿಂದ ಏನೂ ಬೇಡ ಅಂದ್ರೆ ಫಿಡೊ-ವರ್ಟಿಕಲ್-ಮೋಡ್ ಆನ್ ಮಾಡಿದ್ರೂ ನಡೆಯತ್ತೆ, ಆದ್ರೆ ಅದರಲ್ಲಿ ಅಕ್ಷರಗಳನ್ನ ಹೆಸರಲ್ಲಿರೋ ಕ್ರಮದಲ್ಲೇ ಕೊಡಬೇಕು. ಹಾಗೇ ಸಿಸ್ಟಮಲ್ಲಿ ರಿಪ್‌ಗ್ರೆಪ್ ಅನ್ನೋ ವೇಗದ ಹುಡುಕಾಟದ ಟೂಲ್ ಹಾಕಿ, ಎಕ್ಸ್‌ರೆಫ್-ಸರ್ಚ್-ಪ್ರೋಗ್ರಾಂ ಅನ್ನೋ ವೇರಿಯಬಲ್‌ಗೆ ರಿಪ್‌ಗ್ರೆಪ್ ಅಂತ ಕೊಡಿ, ಕಂಟ್ರೋಲ್-ಎಕ್ಸ್ ಪಿ ಜಿ ಹುಡುಕಾಟದ ವೇಗ ದೊಡ್ಡ ರೆಪೊದಲ್ಲಿ ಕಣ್ಣಿಗೆ ಕಾಣೋ ಅಷ್ಟು ಬದಲಾಗತ್ತೆ.

ಇನ್ನು ಡೆಫಿನಿಷನ್‌ಗೆ, ಅಂದ್ರೆ ಒಂದು ಹೆಸರನ್ನ ಕೋಡಲ್ಲಿ ಬರೆದಿಟ್ಟಿರೋ ಮೂಲ ಜಾಗಕ್ಕೆ ಹೋಗೋದು. ಆಲ್ಟ್-ಡಾಟ್ ಒತ್ತಿದ್ರೆ ಕರ್ಸರ್ ಕೆಳಗಿರೋ ಹೆಸರಿನ ಡೆಫಿನಿಷನ್, ಆಲ್ಟ್-ಕ್ವೆಶ್ಚನ್ ಮಾರ್ಕ್ ಒತ್ತಿದ್ರೆ ಅದನ್ನ ಎಲ್ಲೆಲ್ಲಿ ಬಳಸಿದಾರೆ ಅನ್ನೋ ಪಟ್ಟಿ. ಇದರ ಹಿಂದೆ ಕೆಲಸ ಮಾಡೋ ಎಗ್ಲಾಟ್ ಈಮ್ಯಾಕ್ಸ್ 29ರಿಂದ ಒಳಗೇ ಇದೆ, ಎಗ್ಲಾಟ್‌ಗೆ ಲ್ಯಾಂಗ್ವೇಜ್ ಸರ್ವರ್ (ಆ ಭಾಷೆಯ ಕೋಡನ್ನ ಅರ್ಥ ಮಾಡ್ಕೊಳೋ ಪ್ರೋಗ್ರಾಂ) ಬೇಕು, ಸಿ ಪ್ಲಸ್ ಪ್ಲಸ್‌ಗೆ ಕ್ಲ್ಯಾಂಗ್‌ಡಿ, ಪೈಥಾನ್‌ಗೆ ಪೈರೈಟ್. "ಎಗ್ಲಾಟ್ ಹಾಕಿದೆ, ಆಲ್ಟ್-ಡಾಟ್ ಎಲ್ಲಿಗೂ ಹೋಗ್ತಿಲ್ಲ" ಅಂತ ಬರೆದಿದೀರಲ್ಲ, ಸಿ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ತುಂಬ ಸಲ ಒಂದೇ ಕಾರಣ, ಕಂಪೈಲ್_ಕಮಾಂಡ್ಸ್.ಜೇಸನ್ ಅನ್ನೋ ಫೈಲ್ ಇಲ್ಲ. ಯಾವ ಫೈಲನ್ನ ಯಾವ ಫ್ಲ್ಯಾಗ್ ಕೊಟ್ಟು ಕಂಪೈಲ್ ಮಾಡಬೇಕು, ಹೆಡರುಗಳು ಎಲ್ಲಿವೆ ಅನ್ನೋದು ಕ್ಲ್ಯಾಂಗ್‌ಡಿಗೆ ಗೊತ್ತಾಗೋದೇ ಆ ಫೈಲಿಂದ, ಅದಿಲ್ಲದೆ ಅದು ಊಹೆ ಮೇಲೆ ಕೆಲಸ ಮಾಡತ್ತೆ, ದೊಡ್ಡ ಪ್ರಾಜೆಕ್ಟಲ್ಲಿ ಊಹೆ ಹೆಚ್ಚಿನಂಶ ತಪ್ಪತ್ತೆ.

ಆ ಫೈಲ್ ಬರಿಸೋಕೆ, ನಿಮ್ಮ ಬಿಲ್ಡ್ ಟೂಲ್ ಸಿಮೇಕ್ ಆದ್ರೆ ಸಿಮೇಕ್_ಎಕ್ಸ್‌ಪೋರ್ಟ್_ಕಂಪೈಲ್_ಕಮಾಂಡ್ಸ್ ಅನ್ನೋದನ್ನ ಆನ್ ಮಾಡಿ ಕಾನ್ಫಿಗರ್ ಮಾಡಿ, ಮೇಕ್‌ಫೈಲ್ ಅಥವಾ ನಿಂಜಾ ಜನರೇಟರ್ ಇದ್ರೆ ಮಾತ್ರ ಅದು ಕೆಲಸ ಮಾಡತ್ತೆ ಅನ್ನೋದು ನೆನಪಿರಲಿ. ಮೆಸಾನ್ ಆದ್ರೆ ತಾನಾಗೇ ಬರತ್ತೆ. ಬರೀ ಮೇಕ್‌ಫೈಲ್ ಇರೋ ಹಳೇ ಪ್ರಾಜೆಕ್ಟ್ ಆದ್ರೆ ಬೇರ್ ಅಂತ ಒಂದು ಟೂಲ್ ಇದೆ, ಮೇಕ್ ಕಮಾಂಡಿನ ಮುಂದೆ ಅದನ್ನ ಸೇರಿಸಿ ಓಡಿಸಬೇಕು, ಆದ್ರೆ ಮೊದಲು ಕ್ಲೀನ್ ಮಾಡಿ ಪೂರ್ತಿ ಬಿಲ್ಡ್ ಮಾಡಿ, ಯಾಕಂದ್ರೆ ಆ ಸಲ ನಿಜವಾಗಿ ಕಂಪೈಲ್ ಆದ ಫೈಲುಗಳನ್ನ ಮಾತ್ರ ಅದು ಬರೆದುಕೊಳ್ಳತ್ತೆ. ಬಂದ ಫೈಲ್ ಪ್ರಾಜೆಕ್ಟ್ ರೂಟಲ್ಲಿ ಅಥವಾ ಬಿಲ್ಡ್ ಅನ್ನೋ ಫೋಲ್ಡರಲ್ಲಿ ಇದ್ರೆ ಕ್ಲ್ಯಾಂಗ್‌ಡಿ ತಾನೇ ಹುಡುಕಿಕೊಳ್ಳತ್ತೆ, ಬೇರೆ ಹೆಸರಿನ ಫೋಲ್ಡರಲ್ಲಿದ್ರೆ ರೂಟಿಗೆ ಒಂದು ಸಿಮ್‌ಲಿಂಕ್ (ಅಸಲಿ ಫೈಲ್ ಕಡೆ ತೋರಿಸೋ ಕೊಂಡಿ) ಹಾಕಿ. ಮೊದಲನೇ ಸಲ ಇಂಡೆಕ್ಸ್ ಮಾಡೋಕೆ ದೊಡ್ಡ ಪ್ರಾಜೆಕ್ಟಲ್ಲಿ ಸಾಕಷ್ಟು ಹೊತ್ತು ಹಿಡಿಯತ್ತೆ, ಮೆಮೊರಿನೂ ತಿನ್ನತ್ತೆ, ಆಮೇಲೆ ಇಂಡೆಕ್ಸನ್ನ ಡಿಸ್ಕಲ್ಲಿ ಇಟ್ಕೊಳತ್ತೆ ಅದ್ರಿಂದ ಎರಡನೇ ಸಲ ಹಾಗಿರಲ್ಲ. ಆ ಮೊದಲ ಇಂಡೆಕ್ಸ್ ಮುಗಿಯೋ ಮುಂಚೆನೇ "ರೆಫರೆನ್ಸ್ ಪೂರ್ತಿ ಬರ್ತಿಲ್ಲ" ಅಂತ ತೀರ್ಮಾನಕ್ಕೆ ಬರಬೇಡಿ.

ಸರ್ವರ್ ಸಿಗದೇ ಇರೋ ಭಾಷೆ, ಬಿಲ್ಡ್ ಆಗದೇ ಇರೋ ಹಳೇ ಕೋಡ್ ಇವಕ್ಕೆ ಡಂಬ್-ಜಂಪ್ ಪ್ಯಾಕೇಜ್ ಸಾಕು, ಅದು ರಿಪ್‌ಗ್ರೆಪ್ ಥರದ ಟೂಲಿಂದ ಡೆಫಿನಿಷನ್ ಥರ ಕಾಣೋ ಸಾಲನ್ನ ಹುಡುಕಿ ಅದೇ ಆಲ್ಟ್-ಡಾಟ್‌ಗೆ ಕೊಡತ್ತೆ. ಯಾವ ಹೆಸರು ಎಲ್ಲಿದೆ ಅನ್ನೋ ಪಟ್ಟಿ ಇಟ್ಕೊಳೋ ಹಳೇ ಟ್ಯಾಗ್ಸ್ ಫೈಲ್ ದಾರಿನೂ ಸತ್ತಿಲ್ಲ, ಲಿನಕ್ಸ್ ಕರ್ನಲ್ ಸೋರ್ಸಲ್ಲಿ ಇವತ್ತಿಗೂ ಟ್ಯಾಗ್ಸ್ ಮಾಡೋಕೆ ಮೇಕ್ ಟಾರ್ಗೆಟ್ಟೇ ಇದೆ, ಈಮ್ಯಾಕ್ಸ್ 30ರಲ್ಲಿ ಇಟ್ಯಾಗ್ಸ್-ರೀಜೆನ್-ಮೋಡ್ ಆನ್ ಮಾಡಿದ್ರೆ ಟ್ಯಾಗ್ಸ್ ಫೈಲನ್ನ ಅದೇ ಮಾಡಿ ಅದೇ ಅಪ್‌ಡೇಟ್ ಮಾಡ್ಕೊಳತ್ತೆ.

ಈಗ ವಾಪಸ್ ಬರೋದು. ಆಲ್ಟ್-ಡಾಟ್ ಒತ್ತಿ ಹೋದ ಪ್ರತಿ ಸಲಾನೂ ಹೊರಟ ಜಾಗ ನೆನಪಿರತ್ತೆ, ಆಲ್ಟ್-ಕಾಮಾ ಒತ್ತಿದ್ರೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬರ್ತೀರಿ. ಐದು ಫಂಕ್ಷನ್ ಒಳಕ್ಕೆ ಇಳಿದಿದ್ರೆ ಐದು ಸಲ ಒತ್ತಿದ್ರೆ ಹೊರಗೆ. ಈಮ್ಯಾಕ್ಸ್ 29ರಿಂದ ಕಂಟ್ರೋಲ್-ಆಲ್ಟ್-ಕಾಮಾ ಒತ್ತಿದ್ರೆ ಮತ್ತೆ ಮುಂದಕ್ಕೂ ಹೋಗಬಹುದು. ಎರಡು ವಿಂಡೋ (ಈಮ್ಯಾಕ್ಸ್ ಪರದೆಯ ಭಾಗಗಳು) ಇಟ್ಕೊಂಡು ಎರಡು ಬೇರೆ ಜಾಡು ಹಿಡಿಯೋರಾದ್ರೆ ಒಂದು ವಿಷಯ ಗೊತ್ತಿರಬೇಕು, ಈ ಹಿಸ್ಟರಿ ಎಲ್ಲಾ ವಿಂಡೋಗೂ ಸೇರಿ ಒಂದೇ, ಹಾಗಾಗಿ ಎಡಗಡೆ ವಿಂಡೋದಲ್ಲಿ ಹಿಂದಕ್ಕೆ ಒತ್ತಿದ್ರೆ ಬಲಗಡೆಯಲ್ಲಿ ಓದ್ತಿದ್ದ ಜಾಗ ಬಂದು ಕೂರತ್ತೆ, ತಲೆ ಚಿಟ್ಟು ಹಿಡಿಯತ್ತೆ. ಎಕ್ಸ್‌ರೆಫ್-ಹಿಸ್ಟರಿ-ಸ್ಟೋರೇಜ್ ಅನ್ನೋದಕ್ಕೆ ಎಕ್ಸ್‌ರೆಫ್-ವಿಂಡೋ-ಲೋಕಲ್-ಹಿಸ್ಟರಿ ಅಂತ ಕೊಡಿ, ಆಗ ಒಂದೊಂದು ವಿಂಡೋಗೆ ಅದರದ್ದೇ ಜಾಡು ಇರತ್ತೆ. ಇದೂ 29ರಲ್ಲಿ ಬಂದಿದ್ದು.

ಒಂದೇ ಫೈಲ್ ಒಳಗೆ ಹುಡುಕಿ ಮೇಲೆ ಕೆಳಗೆ ಹೋದಾಗ ಆಲ್ಟ್-ಕಾಮಾ ಸಹಾಯ ಮಾಡಲ್ಲ, ಅಲ್ಲಿ ಮಾರ್ಕ್ ರಿಂಗ್ ಬೇಕು. ಕಂಟ್ರೋಲ್-ಎಸ್ ಹುಡುಕಾಟ ಶುರು ಮಾಡಿದ ಜಾಗ, ಫೈಲಿನ ತುದಿಗೆ ಹಾರಿದಾಗ ಬಿಟ್ಟುಬಂದ ಜಾಗ ಎಲ್ಲಾ ತಾನಾಗೇ ಅದರಲ್ಲಿ ಸೇರತ್ತೆ, ಕಂಟ್ರೋಲ್-ಯು ಕಂಟ್ರೋಲ್-ಸ್ಪೇಸ್ ಒತ್ತಿದ್ರೆ ಹಿಂದಿನ ಜಾಗ. ಒಂದೊಂದು ಬಫರಿಗೆ ಡೀಫಾಲ್ಟಾಗಿ 16 ಜಾಗ ನೆನಪಿರತ್ತೆ. ಸೆಟ್-ಮಾರ್ಕ್-ಕಮಾಂಡ್-ರಿಪೀಟ್-ಪಾಪ್ ಆನ್ ಮಾಡಿಟ್ಕೊಳಿ, ಆಮೇಲೆ ಬರೀ ಕಂಟ್ರೋಲ್-ಸ್ಪೇಸ್ ಒತ್ತುತ್ತಾ ಹೋಗಬಹುದು.

ಇವೆರಡೂ ತಾವಾಗೇ ಆಗೋವು, ಹಾಗಾಗಿ ಮುಖ್ಯ ಜಾಗ ಯಾವುದು ದಾರಿಲಿ ಸಿಕ್ಕ ಜಾಗ ಯಾವುದು ಅನ್ನೋ ಭೇದ ಇವಕ್ಕೆ ಗೊತ್ತಿಲ್ಲ. ಅದನ್ನ ನೀವೇ ಹೇಳಬೇಕು, ಅದಕ್ಕೆ ಇರೋದು ರಿಜಿಸ್ಟರ್. ಕಂಟ್ರೋಲ್-ಎಕ್ಸ್ ಆರ್ ಸ್ಪೇಸ್ ಒತ್ತಿ ಒಂದು ಅಕ್ಷರ ಕೊಡಿ, ಈ ಜಾಗ ಆ ಅಕ್ಷರದಲ್ಲಿ ಕೂತ್ಕೊಳತ್ತೆ, ಎಲ್ಲಿದ್ರೂ ಕಂಟ್ರೋಲ್-ಎಕ್ಸ್ ಆರ್ ಜೆ ಒತ್ತಿ ಅದೇ ಅಕ್ಷರ ಕೊಟ್ರೆ ಅಲ್ಲಿಗೆ ವಾಪಸ್. ನನಗೆ ಇಡೀ ಈಮ್ಯಾಕ್ಸಲ್ಲಿ ಕೋಡ್ ಓದೋಕೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿರೋದು ಇದೇ, ಯಾವ ಪ್ಯಾಕೇಜೂ ಇದರ ಸಮ ಬರಲ್ಲ.

ಒಂದು ಉದಾಹರಣೆಲಿ ಪೂರ್ತಿ ಸುತ್ತು ನೋಡಿ. ಲಾಗಲ್ಲಿ "ಕನೆಕ್ಷನ್ ಪೂಲ್ ಎಕ್ಸಾಸ್ಟೆಡ್, ವೇಟಿಂಗ್ 30 ಸೆಕೆಂಡ್ಸ್" ಅಂತ ಬರ್ತಿದೆ ಅಂದ್ಕೊಳಿ. ಕಂಟ್ರೋಲ್-ಎಕ್ಸ್ ಪಿ ಜಿ ಒತ್ತಿ ಪೂರ್ತಿ ಸಾಲು ಹಾಕಿದ್ರೆ ಏನೂ ಸಿಗದೇ ಹೋಗಬಹುದು, 30 ಅನ್ನೋ ನಂಬರು ಓಡೋವಾಗ ತುಂಬಿದ್ದು, ಕೋಡಲ್ಲಿ ಆ ಜಾಗದಲ್ಲಿ ಫಾರ್ಮ್ಯಾಟ್ ಗುರುತು ಇರತ್ತೆ, ಉದ್ದ ಸಾಲಾಗಿದ್ರೆ ಸ್ಟ್ರಿಂಗನ್ನ ಎರಡು ಸಾಲಿಗೆ ಮುರಿದೂ ಇರ್ತಾರೆ. ಅದಕ್ಕೇ "ಪೂಲ್ ಎಕ್ಸಾಸ್ಟೆಡ್" ಅನ್ನೋ ಬದಲಾಗದ ತುಂಡಷ್ಟೇ ಹಾಕಿ. ಮೂರ್ನಾಲ್ಕು ಕಡೆ ಸಿಗತ್ತೆ, ಒಂದು ಟೆಸ್ಟ್ ಫೈಲ್, ಒಂದು ಡಾಕ್ಯುಮೆಂಟು, ಒಂದು ಅಸಲಿ. ರಿಸಲ್ಟ್ ಬಫರಲ್ಲಿ ಎನ್, ಪಿ ಒತ್ತುತ್ತಾ ಹೋದ್ರೆ ಪಕ್ಕದ ವಿಂಡೋದಲ್ಲಿ ಆಯಾ ಜಾಗ ಕಾಣತ್ತೆ. ಅಸಲಿ ಜಾಗಕ್ಕೆ ಹೋದ ತಕ್ಷಣ, ಮುಂದೆ ಒಂದಕ್ಷರ ಓದೋಕೂ ಮುಂಚೆ, ಅದನ್ನ ಇ ಅನ್ನೋ ರಿಜಿಸ್ಟರಿಗೆ ಹಾಕಿ, ಎರರ್ ಇರೋ ಜಾಗ ಅಂತ. ಅದು ಅಕ್ವೈರ್ ಅನ್ನೋ ಫಂಕ್ಷನ್ ಒಳಗಿದೆ ಅಂತಿಟ್ಕೊಳಿ, ಅದರ ಹೆಸರಿನ ಮೇಲೆ ಆಲ್ಟ್-ಕ್ವೆಶ್ಚನ್ ಮಾರ್ಕ್. ಯಾರ್ಯಾರು ಕನೆಕ್ಷನ್ ತಗೊಳ್ತಾರೆ ಅನ್ನೋ ಪಟ್ಟಿ ಬಂತು. ಆಲ್ಟ್-ಜಿ ಎನ್ ಒತ್ತುತ್ತಾ ಒಂದೊಂದನ್ನೇ ನೋಡಿ, ತಗೊಂಡಿದ್ದನ್ನ ಎಲ್ಲಾ ದಾರಿಲೂ ರಿಲೀಸ್ ಮಾಡಿದಾರಾ ಅಂತ. ರೀಟ್ರೈ ಲೂಪ್ ಒಳಗೆ, ಎಕ್ಸೆಪ್ಷನ್ ಬಂದ ದಾರಿಲಿ ರಿಲೀಸ್ ಇಲ್ಲ ಅಂತ ಅನುಮಾನ ಬಂತಾ, ಅಲ್ಲೇ ಎಸ್ ಅನ್ನೋ ರಿಜಿಸ್ಟರ್, ಸಸ್ಪೆಕ್ಟ್ ಅಂತ. ಈಗ ಆ ಎಕ್ಸೆಪ್ಷನ್ ಎಲ್ಲಿಂದ ಬರತ್ತೆ ಅಂತ ಆಲ್ಟ್-ಡಾಟ್ ಒತ್ತಿ ಎಷ್ಟು ಆಳಕ್ಕೆ ಬೇಕಾದ್ರೂ ಇಳೀರಿ, ಎಲ್ಲಿದ್ರೂ ಇ ಮತ್ತು ಎಸ್ ನಿಮ್ಮ ಕೈಲೇ ಇದೆ. ಬಫರ್ ನಲವತ್ತು ತೆರೆದಿರಲಿ ನಾನೂರು ತೆರೆದಿರಲಿ, ಆಮೇಲೆ ಅದು ಲೆಕ್ಕಕ್ಕೇ ಬರಲ್ಲ.

ಇಲ್ಲೊಂದು ಕಡೆ ಜನ ಎಡವೋದಿದೆ. ಎರಡನೇ ಸಲ ಹುಡುಕಿದಾಗ ರಿಸಲ್ಟ್ ತೋರಿಸೋ ಅದೇ ಎಕ್ಸ್‌ರೆಫ್ ಬಫರಿನ ಮೇಲೆ ಹೊಸ ರಿಸಲ್ಟ್ ಬಂದು ಹಳೇ ಪಟ್ಟಿ ಹೋಗತ್ತೆ. ಉಳಿಸ್ಕೋಬೇಕಾದ ಪಟ್ಟಿ ಆದ್ರೆ ಆ ಬಫರಲ್ಲಿ ಕಂಟ್ರೋಲ್-ಎಕ್ಸ್ ಎಕ್ಸ್ ಯು ಒತ್ತಿ, ಹೆಸರು ಬದಲಾಗಿ ಅದು ಹಾಗೇ ಉಳಿಯತ್ತೆ.

ವಿಂಡೋ ಜೋಡಣೆಗೂ ಇದೇ ಉಪಾಯ, ಕಂಟ್ರೋಲ್-ಎಕ್ಸ್ ಆರ್ ಡಬ್ಲ್ಯು ಒತ್ತಿ ಅಕ್ಷರ ಕೊಟ್ರೆ ಹೆಡರು, ಸೋರ್ಸು, ಟೆಸ್ಟು ಹೇಗೆ ಜೋಡಿಸಿದ್ರೋ ಹಾಗೇ ನೆನಪಿಟ್ಕೊಳತ್ತೆ, ಮತ್ತೆ ಬರೋದು ಅದೇ ಜೆ ಇಂದ. ಆದ್ರೆ ರಿಜಿಸ್ಟರ್ ಎಲ್ಲಾ ಈಮ್ಯಾಕ್ಸ್ ಮುಚ್ಚಿದ್ರೆ ಹೋಗತ್ತೆ. ನಾಳೆಗೂ ಬೇಕಾದ ಜಾಗಕ್ಕೆ ಬುಕ್‌ಮಾರ್ಕ್ ಹಾಕಿ, ಕಂಟ್ರೋಲ್-ಎಕ್ಸ್ ಆರ್ ಎಮ್ ಇಡೋಕೆ, ಆರ್ ಬಿ ಹೋಗೋಕೆ. ಬುಕ್‌ಮಾರ್ಕಿನ ಒಳ್ಳೇ ಗುಣ ಅಂದ್ರೆ ಅದು ಜಾಗದ ಹಿಂದೆ ಮುಂದಿನ ಒಂದಿಷ್ಟು ಅಕ್ಷರಾನೂ ಉಳಿಸ್ಕೊಂಡಿರತ್ತೆ, ಬೇರೆಯೋರ ಕಮಿಟ್ (ಗಿಟ್‌ಗೆ ಸೇರಿಸಿದ ಬದಲಾವಣೆ) ಬಂದು ಸಾಲು ಮೇಲೆ ಕೆಳಗೆ ಆದ್ರೂ ಸಾಮಾನ್ಯವಾಗಿ ಸರಿ ಜಾಗಾನೇ ಹುಡುಕತ್ತೆ. "ಲಾಗಿನ್ ಶುರುವಾಗೋದು ಇಲ್ಲಿಂದ" ಅನ್ನೋ ಥರ ವಾಕ್ಯದ ಹೆಸರು ಕೊಡಿ, ಫೈಲಿನ ಹೆಸರನ್ನೇ ಬಿಟ್ರೆ ತಿಂಗಳಾದ್ಮೇಲೆ ಪಟ್ಟಿ ನೋಡಿ ಏನೂ ಹೊಳೆಯಲ್ಲ.

ಅದಕ್ಕಿಂತ ದೊಡ್ಡ ತನಿಖೆ ಆದ್ರೆ ಆರ್ಗ್ (ಈಮ್ಯಾಕ್ಸಲ್ಲಿ ಟಿಪ್ಪಣಿ ಬರೆಯೋ ಬಗೆ) ಫೈಲಲ್ಲಿ ಬರೆದಿಡಿ. ಕೋಡಿನ ಸಾಲಲ್ಲಿ ನಿಂತು ಆರ್ಗ್-ಸ್ಟೋರ್-ಲಿಂಕ್ ಕೊಟ್ಟು, ಆರ್ಗ್ ಫೈಲಿಗೆ ಬಂದು ಕಂಟ್ರೋಲ್-ಸಿ ಕಂಟ್ರೋಲ್-ಎಲ್ ಒತ್ತಿದ್ರೆ ಆ ಜಾಗಕ್ಕೆ ಲಿಂಕ್ ಬರತ್ತೆ, ಪಕ್ಕದಲ್ಲಿ ಎರಡು ಮಾತು ಬರೀರಿ. ಟೀಮಿಗೆ ಹೊಸಬರು ಬಂದಾಗ ಆ ಫೈಲ್ ಕೊಟ್ರೆ ಅವರಿಗೆ ಎಷ್ಟೋ ಉಪಕಾರ.

ಇನ್ನೊಂದು ದಿಕ್ಕು ಇದೆ, ಕಾಲದ ಹಿಂದಕ್ಕೆ ಹೋಗೋದು. ಒಂದು ವಿಚಿತ್ರ ಇಫ್ ಕಂಡೀಷನ್ ಯಾಕಿದೆ ಅಂತ ಕೋಡ್ ನೋಡಿ ಜಪ್ಪಯ್ಯ ಅಂದ್ರೂ ಗೊತ್ತಾಗಲ್ಲ, ಆ ನಾಲ್ಕು ಸಾಲು ಸೆಲೆಕ್ಟ್ ಮಾಡಿ ಕಂಟ್ರೋಲ್-ಎಕ್ಸ್ ವಿ ಎಚ್ ಒತ್ತಿ, ಆ ಸಾಲುಗಳ ಇತಿಹಾಸ ಮಾತ್ರ ಕಮಿಟ್ ಮೆಸೇಜ್ ಸಮೇತ ಬರತ್ತೆ. ವಿ ಜಿ ಒತ್ತಿದ್ರೆ ಇಡೀ ಫೈಲಿನ ಬ್ಲೇಮ್ (ಒಂದೊಂದು ಸಾಲನ್ನ ಯಾರು ಯಾವಾಗ ಬದಲಿಸಿದ್ರು ಅನ್ನೋದು), ಅದರಲ್ಲಿ ಒಂದು ಸಾಲಿನ ಮೇಲೆ ಎಲ್ ಒತ್ತಿದ್ರೆ ಆ ಕಮಿಟಿನ ಲಾಗ್, ಎ ಒತ್ತಿದ್ರೆ ಆ ಬದಲಾವಣೆಗೂ ಮುಂಚೆ ಫೈಲ್ ಹೇಗಿತ್ತು ಅನ್ನೋದರ ಬ್ಲೇಮ್. ಯಾರೋ ಇಂಡೆಂಟೇಷನ್ ಸರಿ ಮಾಡಿದ ಕಮಿಟ್ ಅಡ್ಡ ಬಂದಿದ್ರೆ ಎ ಒತ್ತುತ್ತಾ ಅದನ್ನ ದಾಟಿ ನಿಜವಾದ ಕಾರಣದ ಹತ್ರ ಹೋಗಬಹುದು.

ವಿಮ್ ಅನ್ನೋ ಇನ್ನೊಂದು ಎಡಿಟರ್ ಬಳಸೋರು ಒಬ್ರು ಮೇಲೆ ತಮಗೂ ಇದು ಆಗತ್ತಾ ಅಂತ ಕೇಳಿದ್ರು, ಅಲ್ಲೂ ಇದೇ ಯೋಚನೆ ನಡೆಯತ್ತೆ, ಜಂಪ್ ಲಿಸ್ಟಲ್ಲಿ ಹಿಂದಕ್ಕೆ ಕಂಟ್ರೋಲ್-ಓ, ಮುಂದಕ್ಕೆ ಕಂಟ್ರೋಲ್-ಐ, ಮತ್ತೆ ಕ್ಯಾಪಿಟಲ್ ಅಕ್ಷರದ ಮಾರ್ಕ್ ಇಟ್ರೆ ಯಾವ ಫೈಲಿಂದ ಬೇಕಾದ್ರೂ ಅಲ್ಲಿಗೆ ಬರಬಹುದು.

ಎಲ್ಲಾ ಒಂದೇ ದಿನ ಕಲಿಯೋಕೆ ಹೋಗಬೇಡಿ. ಈ ವಾರ ಕಂಟ್ರೋಲ್-ಎಕ್ಸ್ ಪಿ ಎಫ್, ಆಲ್ಟ್-ಡಾಟ್, ಆಲ್ಟ್-ಕಾಮಾ, ಒಂದು ರಿಜಿಸ್ಟರ್, ಇಷ್ಟೇ ಸಾಕು. ಕೀ ಮರೆತ್ರೆ ಈಮ್ಯಾಕ್ಸ್ 30ರಲ್ಲಿ ವಿಚ್-ಕೀ ಒಳಗೇ ಇದೆ, ಆನ್ ಮಾಡಿಟ್ರೆ ಕಂಟ್ರೋಲ್-ಎಕ್ಸ್ ಪಿ ಒತ್ತಿ ಸುಮ್ನೆ ನಿಂತ್ರೂ ಮುಂದೇನು ಅಂತ ತೋರಿಸತ್ತೆ. ನಿಮ್ಮ ಪ್ರಾಜೆಕ್ಟಿನ ಬಿಲ್ಡ್ ಯಾವುದರಲ್ಲಿ ಆಗತ್ತೆ, ಈಮ್ಯಾಕ್ಸ್ ವರ್ಷನ್ ಯಾವುದು ಅಂತ ಹಾಕಿ, ಕಂಪೈಲ್_ಕಮಾಂಡ್ಸ್ ಫೈಲ್ ಬರಿಸೋದು ಹೇಗೆ ಅಂತ ಅದಕ್ಕೆ ತಕ್ಕ ಹಾಗೆ ಬರೀತೀನಿ.